ಒಣಗಿದೆಲೆಯ ಕಂಬಳಿ

ನಮ್ಮ ಪೂರ್ವಕವಿಗಳು ಮಹಾಕಾವ್ಯವೊಂದನ್ನು ಕಟ್ಟಲು ಹೊರಟರೆಂದರೆ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯನ್ನು ಕೈಬಿಡುವಂತಿರಲಿಲ್ಲ. ವಸಂತ ಬಂದಿತೆಂದರೆ ಮಾವು ಚಿಗುರಲೇಬೇಕು, ಕೋಗಿಲೆ ಉಲಿಯಲೇಬೇಕು. ಶಿಶಿರ ಬಂದಿತೆಂದರೆ ಎಲೆ ಉದುರಲೇಬೇಕು. ಈ ಪಾಠವನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿರುವ ನನಗೆ, ವಸಂತವೂ ಶಿಶಿರವೂ ಇಲ್ಲದ ನೆಲದಲ್ಲಿ ಹುಟ್ಟಿದ ಕವಿ ಏನು ಮಾಡಬೇಕೆಂಬ ತುಂಟ ಪ್ರಶ್ನೆಯೊಂದು ಇತ್ತೀಚೆಗೆ ಕಾಡತೊಡಗಿದೆ. ಅದಕ್ಕೆ ಕಾರಣ ಒಂದು ಗಿಡ.

ಆ ಗಿಡದ ನೆಲೆ ಪೂರ್ವ ಆಫ್ರಿಕದ ಮಹಾಪರ್ವತಗಳು. ಅವುಗಳಲ್ಲೊಂದಾದ ಕೆನ್ಯಾ ಪರ್ವತ ಭೂಮಧ್ಯರೇಖೆಗೆ ಅಂಟಿಕೊಂಡಂತೆಯೇ ನಿಂತಿದೆ. ಎತ್ತರ ೫,೧೯೯ ಮೀಟರು. ಎಂದರೆ ನಮ್ಮ ಮುಳ್ಳಯ್ಯನಗಿರಿಯಂಥವು ಎರಡನ್ನು ಒಂದರ ಮೇಲೊಂದಿಟ್ಟರೂ ಅದರ ನೆತ್ತಿಯನ್ನು ಮುಟ್ಟಲಾರವು. ಅಲ್ಲಿ ಮಳೆಯ ತಿಂಗಳುಗಳುಂಟು, ಒಣ ತಿಂಗಳುಗಳುಂಟು; ವರ್ಷದ ಒಂದು ಭಾಗ ಸೆಕೆ, ಇನ್ನೊಂದು ಭಾಗ ಚಳಿ ಎಂಬ ವಿಭಾಗ ಮಾತ್ರ ಇಲ್ಲ. ನಾಲ್ಕು ಸಾವಿರ ಮೀಟರಿನ ಮೇಲೆ ಬೆಳಗಾದರೆ ಚುರುಗುಟ್ಟುವ ಬಿಸಿಲು, ಕತ್ತಲಾದರೆ ನೀರು ಗಡ್ಡೆಕಟ್ಟುವ ಶೀತ. ಜನವರಿಯಲ್ಲೂ ಹೀಗೆಯೇ, ಜುಲೈಯಲ್ಲೂ ಹೀಗೆಯೇ. ಈ ಪರ್ವತಗಳ ಸಸ್ಯಗಳನ್ನು ಬಹುಕಾಲ ಅಭ್ಯಾಸ ಮಾಡಿದ ಸ್ವೀಡನ್ನಿನ ಓಲೋವ್ ಹೆಡ್‌ಬೆರ್ಗ್ ಅವರು, ಅಲ್ಲಿ ಹಗಲು ಹಗಲೂ ಬೇಸಗೆ, ಇರುಳು ಇರುಳೂ ಚಳಿಗಾಲ ಎಂಬರ್ಥದ ಮಾತನ್ನಾಡಿದ್ದಾರೆ. ನಮ್ಮ ಚಂಪೂಕವಿಯೊಬ್ಬನನ್ನು ಅಲ್ಲಿಗೊಯ್ದು ಬಿಟ್ಟರೆ, ಬಡಪಾಯಿ ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯದೊಳಗೆ ಆರು ಋತುಗಳನ್ನೂ ವರ್ಣಿಸಿ ಮುಗಿಸಬೇಕಾದೀತು!

ಕವಿಗೆ ಇದು ವಿನೋದ, ಗಿಡಕ್ಕೆ ಪ್ರಾಣಸಂಕಟ. ಶೀತದೇಶದ ಎಷ್ಟೋ ಮರಗಳು ಚಳಿಗಾಲ ಹತ್ತಿರವಾದುದನ್ನು ಅರಿತು, ಎಲೆಗಳನ್ನು ಉದುರಿಸಿ, ಮೊಗ್ಗುಗಳನ್ನು ಬಿಗಿಯಾಗಿ ಮುಚ್ಚಿ ನಾಲ್ಕಾರು ತಿಂಗಳು ನಿದ್ರಿಸುತ್ತವೆ. ರಾತ್ರಿಗೊಂದು ಚಳಿಗಾಲ ಬರುವಲ್ಲಿ ಈ ಉಪಾಯ ಸಾಗುವುದೆಂತು? ಸಂಜೆ ಎಲೆಯುದುರಿಸಿ ಮುಂಜಾನೆ ಮತ್ತೆ ಚಿಗುರುವ ಮರವನ್ನು ಬ್ರಹ್ಮನೂ ಸೃಷ್ಟಿಸಲಾರ. ಸಣ್ಣ ಸಸ್ಯಗಳೇನೋ ನೆಲಕ್ಕೆ ಅವುಚಿಕೊಂಡು, ಕಲ್ಲಿನ ಮರೆಯಲ್ಲಿ ಹೇಗೋ ದಿನ ನೂಕುತ್ತವೆ. ಅವುಗಳ ನಡುವೆಯೇ ಆಳೆತ್ತರ, ಎರಡಾಳೆತ್ತರ, ಕೆಲವೆಡೆ ಅದಕ್ಕೂ ಮೀರಿ ತಲೆಯೆತ್ತಿ ನಿಂತಿರುವುದು ಡೆಂಡ್ರೊಸೆನೆಸಿಯೊ ಎಂಬ ನಮ್ಮ ಕಥಾನಾಯಕ.

ಸಸ್ಯಶಾಸ್ತ್ರದ ಮಿತ್ರರೊಬ್ಬರು ತೋರಿಸಿದ ಚಿತ್ರಗಳಲ್ಲಿ ನಾನು ಅದನ್ನು ಕಂಡೆ. ಗಿಡವೆನ್ನಬೇಕೋ ಮರವೆನ್ನಬೇಕೋ ತಿಳಿಯದು. ದಪ್ಪನೆಯ ಕಾಂಡ, ಅದರ ತುದಿಯಲ್ಲಿ ಮಾತ್ರ, ದೊಡ್ಡದೊಂದು ಎಲೆಕೋಸನ್ನು ಅರಳಿಸಿ ಕೂರಿಸಿದಂತೆ, ಅಗಲವಾದ ಎಲೆಗಳ ಸುತ್ತು. ಸಸ್ಯಶಾಸ್ತ್ರಜ್ಞರು ಈ ಜೋಡಣೆಗೆ ರೋಸೆಟ್ ಎನ್ನುವರು. ನಾವು ಎಲೆಚಕ್ರವೆಂದು ಕರೆದುಕೊಳ್ಳೋಣ. ಚಕ್ರದ ಕೆಳಗೆ ಕಾಂಡದ ಸುತ್ತಲೂ ಒಣಗಿದೆಲೆಗಳು ಒತ್ತೊತ್ತಾಗಿ ಜೋತುಬಿದ್ದಿವೆ. ಮಲೆನಾಡಿನ ನಾಟಿಯ ಗದ್ದೆಯನ್ನು ಕಂಡವರಿಗೆ ಗೊರಬಿನ ನೆನಪಿರಬಹುದು. ಬಿದಿರ ಕಡ್ಡಿಗಳ ನಡುವೆ ಒಣಎಲೆಯಿಟ್ಟು ಹೆಣೆದ ಆ ಹೊದಿಕೆಯನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಮಂಜಿನಲ್ಲಿ ಯಾರೋ ಮೌನವಾಗಿ ನಿಂತಂತಿದೆ ಆ ನೋಟ.

ಹೆಸರಿನ ವಿಚಾರ ಬಂದಾಗ ಕನ್ನಡದ ಮೇಷ್ಟರು ಸುಮ್ಮನಿರುವುದು ಕಷ್ಟ. ಲ್ಯಾಟಿನಿನಲ್ಲಿ ಸೆನೆಕ್ಸ್ ಎಂದರೆ ಮುದುಕ. ಈ ಬಳಗದ ಬೀಜಗಳಿಗೆ ಅಂಟಿಕೊಂಡ ಬಿಳಿಯ ಕೂದಲನ್ನು ನೋಡಿ ಸೆನೆಸಿಯೊ ಎಂದರು. ಗ್ರೀಕಿನ ಡೆಂಡ್ರಾನ್, ಎಂದರೆ ಮರ, ಅದರ ಹಿಂದೆ ಸೇರಿತು. ಒಟ್ಟಿನಲ್ಲಿ ನಮ್ಮವನು ‘ಮರಮುದುಕ’. ಇತ್ತ ಅಟ್ಲಾಂಟಿಕ್ ಸಾಗರದಾಚೆ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಪಾರಮೊ ಎನ್ನಿಸಿಕೊಳ್ಳುವ ಎತ್ತರದ ಬಯಲುಗಳುಂಟು. ಅಲ್ಲಿಯೂ ಇದೇ ಆಕಾರದ, ಇದೇ ಒಣಎಲೆಯ ಹೊದಿಕೆಯ ಗಿಡ. ಸ್ಪೇನಿನಿಂದ ಹೋಗಿ ನೆಲಸಿದವರು ಅದನ್ನು ಮಂಜಿನಲ್ಲಿ ಕಂಡು ‘ಫ್ರೈಲೆಹೋನ್’ ಎಂದರು. ಭಾರಿ ಸನ್ಯಾಸಿ ಎಂದು ಅರ್ಥ. ಮೂತಿಸ್ ಎಂಬ ಪಂಡಿತರು ಅದಕ್ಕೆ ಅಂದಿನ ವೈಸರಾಯ್ ಎಸ್ಪೆಲೇತ ಅವರ ಹೆಸರನ್ನಿಟ್ಟು ಎಸ್ಪೆಲೇಶಿಯ ಎಂದು ಕರೆದರು. ವೈಸರಾಯರು ಗ್ರಂಥಗಳಲ್ಲಿ ಉಳಿದರು, ಸನ್ಯಾಸಿ ಜನರ ಬಾಯಲ್ಲಿ ಉಳಿದ. ನನ್ನ ಮತ ಜನರ ಕಡೆಗೆ.

ಮರಮುದುಕನೂ ಸನ್ಯಾಸಿಯೂ ನಮ್ಮ ಸೇವಂತಿಗೆ, ಹುಚ್ಚೆಳ್ಳುಗಳ ವಿಶಾಲ ಕುಟುಂಬಕ್ಕೇ ಸೇರಿದವರು. ಆದರೆ ಅವರಿಬ್ಬರೂ ಹತ್ತಿರದ ದಾಯಾದಿಗಳಲ್ಲ. ಒಬ್ಬರ ಉಡುಪನ್ನು ಇನ್ನೊಬ್ಬರು ನೋಡಿ ಕಲಿತವರೂ ಅಲ್ಲ. ಒಂದೇ ಬಗೆಯ ಕಷ್ಟ ಎರಡು ಖಂಡಗಳಲ್ಲಿ ಒಂದೇ ಬಗೆಯ ಕಂಬಳಿಯನ್ನು ಹೊದಿಸಿದೆ.

ಈ ಕಂಬಳಿಯನ್ನು ಮೊದಲ ಸಲ ಕಂಡವರಿಗೆ, ಗಿಡ ತನ್ನ ಕಸವನ್ನು ಬಿಸುಡಲಾರದೆ ಹೊತ್ತು ನಿಂತಿದೆಯೆಂದು ತೋರುವುದು ಸಹಜ. ತೆಂಗಿನ ಒಣಗರಿಯನ್ನು ತೆಗೆಯದೆ ಬಿಟ್ಟ ತೋಟದವನನ್ನು ನಾವು ಸೋಮಾರಿಯೆನ್ನುವುದಿಲ್ಲವೇ? ವೆನೆಜುವೆಲದ ಪಾರಮೊದಲ್ಲಿ ಆಲನ್ ಸ್ಮಿತ್ ಎಂಬ ವಿಜ್ಞಾನಿ ಆ ಕಸವನ್ನು ತೆಗೆದೇ ನೋಡಿದರು. ೧೯೭೯ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ಒಣಎಲೆ ಕಳೆದುಕೊಂಡ ಗಿಡಗಳು ಹೆಚ್ಚಾಗಿ ಸತ್ತವು. ಅದೇಕೆಂಬುದನ್ನು ೧೯೮೩ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಮೈನ್‌ಜರ್ ಅವರು ವಿವರಿಸಿದರು. ಕಾಂಡದ ನಡುವೆ ಮೆತ್ತನೆಯ ತಿರುಳಿದೆ; ಅದು ಗಿಡದ ನೀರಿನ ಕೊಪ್ಪರಿಗೆ. ಬೆಳಗಿನ ಬಿಸಿಲು ಎಲೆಗೆ ತಾಕಿದೊಡನೆ ಎಲೆ ನೀರು ಬೇಡುತ್ತದೆ. ಆ ಹೊತ್ತಿಗೆ ನೆಲವಿನ್ನೂ ರಾತ್ರಿಯ ಶೀತದಲ್ಲಿ ಮರಗಟ್ಟಿರುವುದರಿಂದ ಬೇರು ನೀರೆತ್ತಲಾರದು. ನೆಲ ಬೆಚ್ಚಗಾಗುವವರೆಗೆ ಎಲೆಯ ಬಾಯಾರಿಕೆ ತೀರಬೇಕಾದುದು ಈ ತಿರುಳಿನಿಂದಲೇ. ಕಂಬಳಿ ಹೊದ್ದ ಕಾಂಡ ಹೆಪ್ಪುಗಟ್ಟದೆ ಉಳಿದು ನೀರು ಕೊಡುತ್ತದೆ. ಬೆತ್ತಲೆಯಾದ ಕಾಂಡ ಶೀತಕ್ಕೆ ಸಿಕ್ಕಿ, ಕೊಪ್ಪರಿಗೆ ಮತ್ತೆ ತುಂಬದೆ, ಮೇಲಿನ ಹಸುರೆಲೆಗಳು ಬಿಸಿಲಿನ ನಡುವೆ ನೀರಿಲ್ಲದೆ ಬಾಡುತ್ತವೆ. ಶೀತ ಕೊಡುವ ಪೆಟ್ಟು ನೀರಡಿಕೆಯಾಗಿ ಬೀಳುತ್ತದೆಂಬುದನ್ನು ತಿಳಿದಾಗ ನನಗೆ ನಿಜವಾಗಿ ಸೋಜಿಗವಾಯಿತು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಬೆಟ್ಟಗಳಲ್ಲಿ ಹಣ್ಣೆಲೆ ಉದುರುವುದೂ ಇಲ್ಲ, ಚಿಗುರೆಲೆಗೆ ನಗಲು ಧೈರ್ಯವೂ ಇಲ್ಲ.

ಕಾಂಡಕ್ಕೆ ಕಂಬಳಿಯಾಯಿತು, ನೆತ್ತಿಯ ಎಳೆಯ ಸುಳಿಗೇನು ಗತಿ? ಮರಮುದುಕ ಸಂಜೆಯಾಗುತ್ತಲೇ ಎಲೆಚಕ್ರದ ದೊಡ್ಡ ಎಲೆಗಳನ್ನು ಒಳಕ್ಕೆ ಬಾಗಿಸಿ ಸುಳಿಯ ಮೇಲೆ ಮುಚ್ಚಿಕೊಳ್ಳುತ್ತಾನೆ. ಹೊರಗೆಲ್ಲ ಹೆಪ್ಪುಗಟ್ಟಿದರೂ ಒಳಗಿನ ಸುಳಿ ಹೆಪ್ಪುಗಟ್ಟದು. ಬೆಳಗಾದರೆ ಮತ್ತೆ ಬಾಗಿಲು ತೆರೆಯುತ್ತದೆ. ಅವನ ನೆರೆಯಲ್ಲೇ ಬೆಳೆಯುವ ದೈತ್ಯ ಲೊಬೀಲಿಯದ ಉಪಾಯ ಇನ್ನೂ ವಿಚಿತ್ರ. ಕೀನಿಯೆನ್ಸಿಸ್ ಎಂಬ ಜಾತಿ ತನ್ನ ಎಲೆಚಕ್ರದ ಬಟ್ಟಲಲ್ಲಿ ನೀರು ತುಂಬಿಕೊಳ್ಳುತ್ತದೆ. ರಾತ್ರಿ ನೀರಿನ ಮೇಲ್ಮೈ ಮಂಜುಗಡ್ಡೆಯಾಗಿ ಹೆಂಚಿನಂತೆ ಮುಚ್ಚಿಕೊಳ್ಳುವುದು. ಅಡಿಯ ನೀರಿನಲ್ಲಿ ಮುಳುಗಿದ ಸುಳಿ ಕ್ಷೇಮವಾಗಿರುವುದು.

ಲೊಬೀಲಿಯಗಳ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ತೇವವಾದ ಕಣಿವೆಯಲ್ಲಿರುವ ಕೀನಿಯೆನ್ಸಿಸ್‌ಗೆ ಒಂದೇ ಬುಡದಲ್ಲಿ ಹಲವು ಎಲೆಚಕ್ರಗಳು. ಹೂಬಿಟ್ಟ ಚಕ್ರ ಸಾಯುತ್ತದೆ, ಉಳಿದವು ಬದುಕುತ್ತವೆ. ಒಣ ಇಳಿಜಾರಿನಲ್ಲಿರುವ ಟೆಲೆಕಿ ಲೊಬೀಲಿಯಕ್ಕೆ ಸಾಮಾನ್ಯವಾಗಿ ಇರುವುದೊಂದೇ ಚಕ್ರ. ೧೮೮೭ರಲ್ಲಿ ಆ ಪರ್ವತವನ್ನೇರಿದ ಹಂಗೆರಿಯ ಕೌಂಟ್ ಟೆಲೆಕಿಯ ಹೆಸರನ್ನು ಹೊತ್ತಿರುವ ಈ ಗಿಡ ದಶಕಗಳ ಕಾಲ ಕೂಡಿಟ್ಟು, ಒಂದು ಸಲ ಆಳೆತ್ತರವನ್ನೂ ಮೀರುವ ರೋಮಮಯವಾದ ಹೂಗಂಬವನ್ನೆತ್ತಿ, ಬೀಜ ಚೆಲ್ಲಿ ಸತ್ತುಹೋಗುತ್ತದೆ. ಬರಡು ನೆಲದಲ್ಲಿ ಎರಡನೆಯ ಸಲ ಹೂಬಿಡುವವರೆಗೆ ಬದುಕಿರುವ ಭರವಸೆ ಕಡಿಮೆ. ಆದುದರಿಂದ ಇದ್ದುದೆಲ್ಲವನ್ನೂ ಒಮ್ಮೆಗೇ ವ್ಯಯಮಾಡುವುದೇ ಲಾಭವೆಂದು, ಎರಡು ಜಾತಿಗಳನ್ನೂ ವರ್ಷಗಟ್ಟಲೆ ಎಣಿಸಿ ನೋಡಿದ ಟ್ರೂಮನ್ ಯಂಗ್ ಅವರ ವಿವರಣೆ. ನಮ್ಮ ಕರಾವಳಿಯ ಶ್ರೀತಾಳೆಯೂ ಒಮ್ಮೆ ಹೂಬಿಟ್ಟು ಸಾಯುವ ಮರವೇ. ಅದರ ಗರಿಗಳ ಮೇಲೆ ಬರೆದ ಕಾವ್ಯಗಳನ್ನೋದಿ ಹೊಟ್ಟೆಹೊರೆಯುವ ನನ್ನಂಥವನಿಗೆ ಈ ಬಗೆಯ ಸಾವು ತೀರ ಅಪರಿಚಿತವಲ್ಲ.

ಲೊಬೀಲಿಯವೂ ನಮಗೆ ಅಪರಿಚಿತವಲ್ಲ. ಪಶ್ಚಿಮಘಟ್ಟದ ಎತ್ತರದ ಹುಲ್ಲುಬೆಟ್ಟಗಳಲ್ಲಿ, ಬಾಬಾಬುಡನ್ ಗಿರಿಯ ಸುತ್ತಮುತ್ತ, ಆಳೆತ್ತರದ ಟೊಳ್ಳು ಕಾಂಡದ ಮೇಲೆ ಬಿಳಿಯ ಹೂಗೊಂಚಲನ್ನೆತ್ತುವ ಕಾಡುಹೊಗೆಸೊಪ್ಪು ಅದೇ ಕುಲದ್ದು. ಆಫ್ರಿಕದ ದೈತ್ಯರಿಗೆ ಬಂಧು. ನಮ್ಮ ಗಿರಿಗಳಲ್ಲಿ ಅಂಥ ಶೀತವಿಲ್ಲ. ಅದಕ್ಕೆ ಬಟ್ಟಲೂ ಬೇಕಾಗಿಲ್ಲ.

ಇಷ್ಟು ಜಾಣತನದಿಂದ ಶೀತವನ್ನು ಗೆದ್ದ ಗಿಡಗಳಿಗೆ ಈಗ ಬಂದಿರುವ ಕಷ್ಟ ಬೇರೆಯದು. ಚಳಿಯನ್ನು ತಡೆಯುವ ಕಂಬಳಿ ಬೆಂಕಿಗೆ ಸುಲಭವಾದ ತುತ್ತು. ದನಗಳಿಗೆ ಹೊಸ ಹುಲ್ಲು ಬರಲೆಂದು ಪಾರಮೊಗಳಿಗೆ ಬೆಂಕಿಯಿಡುವ ವಾಡಿಕೆಯುಂಟು. ಕೆನ್ಯಾ ಪರ್ವತದ ಬಯಲುಗಳಲ್ಲಿ ೨೦೧೨ರ ಮಾರ್ಚಿಯಲ್ಲಿ ದೊಡ್ಡ ಬೆಂಕಿ ಹಬ್ಬಿತ್ತು. ವರ್ಷಕ್ಕೆ ಒಂದೆರಡು ಅಂಗುಲ ಬೆಳೆಯುವುದೂ ದುಸ್ತರವಾದ ಗಿಡ ಸುಟ್ಟುಹೋದರೆ, ಅದರ ಜಾಗಕ್ಕೆ ಅದರೆತ್ತರದ ಇನ್ನೊಂದು ಬರುವಷ್ಟರಲ್ಲಿ ಮನುಷ್ಯರ ಒಂದೆರಡು ತಲೆಮಾರು ಕಳೆದಿರುತ್ತವೆ. ಬೊಗೊಟ ನಗರದ ಕುಡಿಯುವ ನೀರಿನ ಬಹುಭಾಗ ಈ ಸನ್ಯಾಸಿಗಳು ನಿಂತಿರುವ ಚಿಂಗಾಸ ಪಾರಮೊದಿಂದ ಇಳಿಯುವುದೆಂಬುದನ್ನೂ ಇಲ್ಲಿ ನೆನೆಯಬೇಕು.

ಬೆಂಕಿಯನ್ನಾದರೂ ತಡೆಯಬಹುದು. ಹವೆಯನ್ನು? ಪೆಸಿಫಿಕ್ ಸಾಗರದ ಹವಾಯಿಯಲ್ಲಿ, ಹಾಲೆಯಾಕಲ ಎಂಬ ಜ್ವಾಲಾಮುಖಿಯ ಮೇಲೆ, ಬೆಳ್ಳಿಯ ಕತ್ತಿಗಳನ್ನು ಗುಂಪಾಗಿ ನೆಟ್ಟಂತೆ ಹೊಳೆಯುವ ಇಂಥದೇ ಎಲೆಚಕ್ರದ ಸಸ್ಯವೊಂದಿದೆ. ಮೇಕೆಗಳು ಮೇದು, ನೋಡಬಂದವರು ಮೋಜಿಗೆ ಕಿತ್ತು, ೧೯೨೦ರ ದಶಕದ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಕಾವಲು ಹಾಕಿ, ಬೇಲಿ ಕಟ್ಟಿ ಅದನ್ನು ಉಳಿಸಿದರು. ಹತ್ತಾರು ಸಾವಿರವಾಗಿ ಹೆಚ್ಚಿತು. ಮೆಚ್ಚಬೇಕಾದ ಕೆಲಸ. ಆದರೆ ೧೯೯೦ರ ದಶಕದಿಂದೀಚೆಗೆ, ಬೇಲಿಯೊಳಗೇ, ಅದು ಮತ್ತೆ ಸಾಯತೊಡಗಿತು. ಬೆಟ್ಟದ ನೆತ್ತಿಯ ಹವೆ ಒಣಗುತ್ತಿರುವುದೇ ಕಾರಣವೆಂದು ಅಲ್ಲಿಯ ಸಂಶೋಧಕರು ಕಂಡುಕೊಂಡಿದ್ದಾರೆ.

ಕೆನ್ಯಾ ಪರ್ವತದಲ್ಲಿ ಹಿಮವೇ ಕರಗುತ್ತಿದೆ. ಅಲ್ಲಿನ ಲೂಯಿಸ್ ಹಿಮನದಿ ೧೯೩೪ರಿಂದ ೨೦೧೦ರೊಳಗೆ ತನ್ನ ಗಾತ್ರದಲ್ಲಿ ನೂರಕ್ಕೆ ಸುಮಾರು ೯೦ ಪಾಲನ್ನು ಕಳೆದುಕೊಂಡಿತು. ಪಕ್ಕದ ಟಿಂಡಲ್ ಹಿಮನದಿ ಹಿಂದೆಗೆದಂತೆಲ್ಲ ಬಯಲಾದ ನೆಲವನ್ನು ಜಪಾನಿನ ಮಿಜುನೊ ಅವರು ೧೯೯೦ರ ದಶಕದಿಂದ ಅಳೆದು ನೋಡಿದ್ದಾರೆ. ಹಿಮದ ಬೆನ್ನುಹಿಡಿದು ಮೊದಲು ಮೇಲೇರುವುದು ಸೆನೆಸಿಯೊ ಬಳಗದ ಒಂದು ಪುಟ್ಟ ಗಿಡ. ಮರಮುದುಕನಿಗೆ ಬೇರೂರಲು ಮಣ್ಣು ಕೂಡಬೇಕು, ಕಂಬಳಿ ನೆಯ್ದುಕೊಳ್ಳಲು ದಶಕಗಳು ಬೇಕು. ಹಿಮನದಿಯ ಮೇಲುಗಡೆ ಅವನಿಗೆ ಸಿಕ್ಕುವುದು ಇನ್ನಷ್ಟು ಬಂಡೆ. ಅದರ ಮೇಲೆ ಶಿಖರ.