ಹೊಸ ಕಾರಿನ ಬಣ್ಣ: ಪಾಸಿಂಗ್‌ಗೆ ಮುಂಚೆಯೇ ನೋಡಿಕೊಳ್ಳಿ



ದಸರಾ, ಯುಗಾದಿ ಬಂತೆಂದರೆ ಜತ್ತ ತಾಲೂಕಿನ ನಮ್ಮವರು ಸಾಂಗ್ಲಿ, ಮಿರಜ ಇಲ್ಲವೆ ವಿಜಯಪುರಕ್ಕೆ ಹೋಗಿ ಹೊಸ ಕಾರು ತರುತ್ತಾರೆ. ಮುಹೂರ್ತದ ಗಡಿಬಿಡಿಯಲ್ಲಿ ಶೋರೂಮಿನ ದೀಪದ ಕೆಳಗೆ ನೋಡಿ ಸಹಿ ಹಾಕುತ್ತಾರೆ. ಆ ಬೆಳಕಿನಲ್ಲಿ ಎಲ್ಲ ಕಾರೂ ಮಿಂಚುತ್ತವೆ.

ಚಾಕಣವಿರಲಿ, ಬಿಡದಿಯಿರಲಿ, ಕಾರ್ಖಾನೆಯಲ್ಲಿ ಬರಿಯ ಉಕ್ಕಿನ ಬಾಡಿಯನ್ನು ತುಕ್ಕು ತಡೆಯುವ ಬಣ್ಣದ ತೊಟ್ಟಿಯಲ್ಲಿ ಅದ್ದಿ ವಿದ್ಯುತ್ ಹರಿಸುತ್ತಾರೆ. ಬಣ್ಣ ಸಂದುಗೊಂದಿಗೂ ಹತ್ತುತ್ತದೆ. ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಕ್ಲಿಯರ್ ಕೋಟನ್ನು ಸುಮಾರು 140 ಡಿಗ್ರಿ ಕಾವಿನಲ್ಲಿ ಬೇಯಿಸುತ್ತಾರೆ. ವೈರು, ಪ್ಲಾಸ್ಟಿಕ್ ಕೂಡಿಸಿದ ಗಾಡಿಗೆ ಅಷ್ಟು ಕಾವು ಕೊಡಲಾಗದು. ಗ್ಯಾರೇಜಿನಲ್ಲಿ 60 ಡಿಗ್ರಿ ಆಸುಪಾಸಿನಲ್ಲಿ ಒಣಗುವ ಬೇರೆ ಬಣ್ಣವೇ ಗತಿ. ಸಾಗಣೆಯಲ್ಲಿ ಗೀರು ಬಿದ್ದ ಬಾಗಿಲಿಗೆ ಹೊಡೆಯುವುದು ಇದನ್ನೇ.

ಹಗಲಲ್ಲಿ ಕಾರು ಹೊರಗೆ ತೆಗೆಸಿ, ಓರೆಯಾಗಿ ನಿಂತು ನೋಡಿ. ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಎಲ್ಲೆಡೆ ಒಂದೇ ತರ ಇದ್ದರೆ ಚಿಂತೆ ಬೇಡ. ಒಂದೇ ಬಾಗಿಲು ಬೇರೆಯಾಗಿ ಹೊಳೆದರೆ, ರಬ್ಬರಿನ ಅಂಚಿಗೆ ಬಣ್ಣ ಸಿಡಿದಿದ್ದರೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. (ಕಚೇರಿಯಲ್ಲಿ ಕಾಲ ಕಳೆದ ನಮಗೆ ಬಾಯಿಮಾತಿನ ಮೇಲೆ ನಂಬಿಕೆ ಕಡಿಮೆ.) ಪಾಸಿಂಗ್ ಆದ ಮೇಲೆ ಗಾಡಿ ಬದಲಿಸಿಕೊಳ್ಳುವುದು ಬಹಳ ಕಷ್ಟ.

ಇನ್ನು ನಮ್ಮ ಕಡೆಯ ಧೂಳನ್ನು ಒಣ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ನೀರಿಗೆ ಬರವಿದ್ದರೂ ಮೊದಲು ಒಂದು ಬಕೆಟ್ ಸುರಿಯಿರಿ.