ದೊಡ್ಡ ರಕ್ತನಾಳಗಳ ಗಾಯ

ಪೀಣ್ಯದ ಕಾರ್ಖಾನೆಗಳ ನಡುವೆ ಬೆಳೆದ ನನ್ನಂಥವರಿಗೆ ರಕ್ತ ಹೊಸತಲ್ಲ. ಲೇತಿನಿಂದ ಸುರುಳಿ ಬಿಚ್ಚುವ ಉಕ್ಕು ಬೆರಳು ಕೊಯ್ಯುತ್ತದೆ, ತಗಡಿನ ಅಂಚು ಅಂಗೈ ಸೀಳುತ್ತದೆ. ಅರಿಶಿನವನ್ನೋ ಕಾಫಿಪುಡಿಯನ್ನೋ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಯಂತ್ರದ ಮುಂದೆ ನಿಲ್ಲುವುದು ವಾಡಿಕೆ. ಸಣ್ಣ ಗಾಯದ ರಕ್ತ ತಾನಾಗಿಯೇ ಹೆಪ್ಪುಗಟ್ಟುತ್ತದೆ; ಕೀರ್ತಿಯೆಲ್ಲ ಪುಡಿಗೆ ಸಲ್ಲುತ್ತದೆ! ದೊಡ್ಡ ನಾಳ ಕೊಯ್ದಾಗ ಸಂಗತಿಯೇ ಬೇರೆ. ನಾನು ಕಲಾ ವಿಭಾಗದ ವಿದ್ಯಾರ್ಥಿ, ವೈದ್ಯಶಾಸ್ತ್ರ ಬಲ್ಲವನಲ್ಲ. ಆದರೂ ಇದನ್ನು ಓದಿ ತಿಳಿಯಲೇಬೇಕಾದ ಕಾರಣವೊಂದು ನನಗೆ ಒದಗಿತು.

ವಯಸ್ಕರ ಶರೀರದಲ್ಲಿರುವ ರಕ್ತ ಸುಮಾರು 5 ಲೀಟರ್. ಸುಮ್ಮನೆ ಕುಳಿತಿರುವಾಗಲೂ ಹೃದಯವು ನಿಮಿಷಕ್ಕೆ ಹೆಚ್ಚುಕಡಮೆ ಅಷ್ಟನ್ನೇ ಒತ್ತಿ ಕಳುಹಿಸುತ್ತದೆ. ತೊಡೆಯ ಅಪಧಮನಿ ಕೊಯ್ದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯವೇಕೆಂಬುದು ಇದರಿಂದ ತಿಳಿದೀತು. ಅಪಧಮನಿಯ ರಕ್ತ ಕಡುಗೆಂಪಾಗಿ ನಾಡಿಯ ಬಡಿತದಂತೆ ಚಿಮ್ಮುತ್ತದೆ. ಅಭಿಧಮನಿಯದು ಕಪ್ಪು ಛಾಯೆಯಿಂದ ಒಂದೇ ಸಮನೆ ಹರಿಯುತ್ತದೆ. ಇಲ್ಲೊಂದು ಸೋಜಿಗವುಂಟು: ಪೂರ್ತಿ ತುಂಡಾದ ನಾಳದ ತುದಿಗಳು ಸಂಕೋಚಗೊಂಡು ಒಳಕ್ಕೆ ಸರಿಯುವುದರಿಂದ ಸ್ರಾವ ಎಷ್ಟೋ ವೇಳೆ ತಗ್ಗುತ್ತದೆ, ಅರ್ಧ ಕೊಯ್ದ ನಾಳ ಹಾಗೆ ಮುಚ್ಚಿಕೊಳ್ಳಲಾರದೆ ಸುರಿಯುತ್ತಲೇ ಇರುತ್ತದೆ.

ಬಳಿಯಿದ್ದವರು ಶುಭ್ರವಾದ ಬಟ್ಟೆಯಿಟ್ಟು ಗಾಯದ ಮೇಲೆಯೇ ಬಲವಾಗಿ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬಾರದು. ಕೈಕಾಲಿನ ಗಾಯ ಅದಕ್ಕೂ ಬಗ್ಗದಿದ್ದರೆ, ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿ ಕಟ್ಟಿ, ಕೋಲು ಸಿಕ್ಕಿಸಿ ತಿರುವಿ ಬಿಗಿದು, ಬಿಗಿದ ಹೊತ್ತನ್ನು ಬರೆದಿಡಬೇಕು. ಒಳಹೊಕ್ಕ ಕಬ್ಬಿಣವನ್ನು ಕೀಳಬಾರದು. 108ಕ್ಕೆ ಕರೆಮಾಡುವ ಕೆಲಸ ಇನ್ನೊಬ್ಬರದು. ಹಣದ ಅಂಜಿಕೆಯಿಂದ ಹಿಂಜರಿಯುವವರೂ ಉಂಟು. 2016ರ ಫೆಬ್ರವರಿಯಲ್ಲಿ ನಮ್ಮ ಇದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ ಸಾಯುವ ಮುನ್ನ ತನ್ನ ಅಂಗಗಳನ್ನು ದಾನಮಾಡಿರೆಂದು ಬೇಡಿಕೊಂಡ. ಮರುತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ ಯೋಜನೆಯೊಂದನ್ನು ಆರಂಭಿಸಿ, ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ, 25,000 ರೂಪಾಯಿಗಳವರೆಗೆ, ಉಚಿತ ಚಿಕಿತ್ಸೆ ಘೋಷಿಸಿತು.

ರಕ್ತ ನಿಲ್ಲಿಸುವ ವಿದ್ಯೆ ಹಳೆಯದು. ಸುಶ್ರುತನು ಸಂಧಾನ, ಸ್ಕಂದನ, ಪಾಚನ, ದಹನವೆಂದು ನಾಲ್ಕು ಉಪಾಯ ಹೇಳಿದ್ದಾನೆ. ಆದರೆ ನಾಳವನ್ನು ಕಟ್ಟಿದರೆ ಪ್ರಾಣ ಉಳಿದರೂ ಅದರ ಕೆಳಗಿನ ಅಂಗಕ್ಕೆ ರಕ್ತವೆಲ್ಲಿಂದ ಬರಬೇಕು? ನಾಳಗಳನ್ನು ಹೊಲಿದು ಜೋಡಿಸುವ ಕ್ರಮವನ್ನು ಫ್ರಾನ್ಸಿನ ಅಲೆಕ್ಸಿ ಕರೆಲ್ 1902ರಲ್ಲಿ ಪ್ರಕಟಿಸಿ, 1912ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಹಾಗಿದ್ದರೂ ಎರಡನೆಯ ಮಹಾಯುದ್ಧದಲ್ಲಿ ಕಟ್ಟುವುದೇ ರೂಢಿಯಾಗಿತ್ತು. ಹಾಗೆ ಕಟ್ಟಿಸಿಕೊಂಡ ಅಮೆರಿಕದ ಸೈನಿಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಕೊರಿಯಾ ಯುದ್ಧದಲ್ಲಿ ಹೊಲಿಯತೊಡಗಿದ ಮೇಲೆ ಅದು ನೂರಕ್ಕೆ 13ರಷ್ಟಕ್ಕೆ ಇಳಿಯಿತು.

ಇಷ್ಟೆಲ್ಲ ರಕ್ತ ಕಂಡಾಗಿನ ಮಾತು. ಕಾಣದಿದ್ದರೆ?

ನಾನು ಪಿ.ಯು.ಸಿ.ಯಲ್ಲಿದ್ದಾಗ ನಮ್ಮ ತಂದೆಯವರ ಮೊಣಕಾಲಿನ ಮೇಲೆ ಉಕ್ಕಿನ ತೊಲೆ ಜಾರಿ ಬಿತ್ತು. ಚರ್ಮ ತರಚಿತ್ತು, ಅಷ್ಟೆ. ಸಮೀಪದ ಚಿಕಿತ್ಸಾಲಯವೊಂದರಲ್ಲಿ ಮೂಳೆಗೆ ಪಟ್ಟಿ ಹಾಕಿ ಮಲಗಿಸಿದರು. ಪಾದ ತಣ್ಣಗಿದೆ ಎಂದು ತಾಯಿ ಹೇಳಿದರು. ಕಂಬಳಿ ಹೊದಿಸಲು ಹೇಳಿದರು. ಮರುದಿನ ದೊಡ್ಡಾಸ್ಪತ್ರೆಗೆ ಒಯ್ದಾಗ ಹೊತ್ತು ಮೀರಿತ್ತು. ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಕೊಟ್ಟ ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನಿಘಂಟು ಹಿಡಿದು ಓದಿದೆ. ಮೊಣಕಾಲಿನ ಹಿಂದೆ ಮೂಳೆಗೆ ಅಂಟಿದಂತೆ ಹಾಯುವ ಅಪಧಮನಿಯ ಒಳಪದರ ಮಾತ್ರ ಹರಿದಿತ್ತು. ಹರಿದ ಪದರ ಮಡಚಿ, ರಕ್ತ ಹೆಪ್ಪುಗಟ್ಟಿ, ನಾಳ ಒಳಗೇ ಮುಚ್ಚಿಹೋಗಿತ್ತು. ಹೀಗಾದಾಗ ಸುಮಾರು 6 ಗಂಟೆಗಳೊಳಗೆ ರಕ್ತಸಂಚಾರ ಮರಳದಿದ್ದರೆ ಮಾಂಸಖಂಡಗಳು ಸಾಯತೊಡಗುತ್ತವೆ. ಪಾದ ಬಿಳಿಚುವುದು, ತಣ್ಣಗಾಗುವುದು, ಜೋಮು ಹಿಡಿದು ಬೆರಳು ಆಡದಿರುವುದು, ಪಾದದ ಮೇಲೂ ಒಳಗಣ್ಣಿನ ಗಂಟಿನ ಹಿಂದೆಯೂ ನಾಡಿ ಸಿಗದಿರುವುದು, ಇವು ಇದರ ಲಕ್ಷಣಗಳು.

ಈಗ ನಮ್ಮ ಬೀದಿಯಲ್ಲಿ ಯಾರ ಕಾಲಿಗೆ ಪೆಟ್ಟಾದರೂ ತಂದೆಯವರು ಊರುಗೋಲು ಊರಿಕೊಂಡು ಹೋಗುತ್ತಾರೆ. ಗಾಯ ನೋಡುವ ಮೊದಲು ಎರಡೂ ಪಾದಗಳನ್ನು ಮುಟ್ಟಿ, ಯಾವುದು ಬೆಚ್ಚಗಿದೆ ಎಂದು ನೋಡುತ್ತಾರೆ.