ಹೊಗೇನಕಲ್ ಜಲಪಾತದಲ್ಲಿ ಜಲಮಾಲಿನ್ಯ

ಹೊಗೇನಕಲ್ ಜಲಪಾತವು ಕರ್ನಾಟಕದ ಚಾಮರಾಜನಗರ ಜಿಲ್ಲೆ ಹಾಗೂ ತಮಿಳುನಾಡಿನ ಧರ್ಮಪುರಿ ಜಿಲ್ಲೆಗಳ ಗಡಿಯಲ್ಲಿ ಕಾವೇರಿ ನದಿಯಿಂದ ಉಂಟಾಗಿದೆ. ಬಂಡೆಗಳ ಮೇಲೆ ಬೀಳುವ ನೀರಿನ ತುಂತುರು ಹೊಗೆಯಂತೆ ಕಾಣುವುದರಿಂದ 'ಹೊಗೆ' ಮತ್ತು 'ಕಲ್ಲು' ಎಂಬ ಪದಗಳು ಸೇರಿ ಈ ಹೆಸರು ಬಂದಿದೆ. ಹರಿಗೋಲು ಸವಾರಿ, ಎಣ್ಣೆ ಸ್ನಾನ ಹಾಗೂ ಹೊಳೆಮೀನಿನ ಖಾದ್ಯಗಳಿಗೆ ಹೆಸರಾದ ಈ ತಾಣದಲ್ಲಿ ನದಿಯ ನೀರು ಎರಡು ಬಗೆಯಲ್ಲಿ ಕಲುಷಿತಗೊಳ್ಳುತ್ತದೆ: ಮೇಲ್ಭಾಗದ ಊರುಗಳಿಂದ ಹರಿದುಬರುವ ತ್ಯಾಜ್ಯದಿಂದ ಮತ್ತು ಪ್ರವಾಸಿಗರ ಬಳಕೆಯಿಂದ.

ಭೌಗೋಳಿಕ ಹಿನ್ನೆಲೆ

ಜಲಪಾತದ ಕರ್ನಾಟಕ ಭಾಗವು ಹನೂರು ತಾಲ್ಲೂಕಿನಲ್ಲಿದೆ. ಸುತ್ತಲಿನ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಚಾಮರಾಜನಗರ ಜಿಲ್ಲೆಯ ಒಳನಾಡಿನ ನೀರೂ ಇಲ್ಲಿಗೆ ಬರುತ್ತದೆ. ಗುಂಡ್ಲುಪೇಟೆ ಭಾಗದ ಗುಂಡ್ಲು ಹೊಳೆಯು ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಂದಿಗೆ ಕೂಡುತ್ತದೆ. ಚಾಮರಾಜನಗರ ತಾಲ್ಲೂಕಿನ ಸುವರ್ಣಾವತಿಯೂ ಕಾವೇರಿಯ ಉಪನದಿಯಾಗಿದೆ. ಆದ್ದರಿಂದ ಗುಂಡ್ಲುಪೇಟೆಯ ಚರಂಡಿಗೂ ಹೊಗೇನಕಲ್‌ನ ಸ್ನಾನಘಟ್ಟಕ್ಕೂ ನೇರವಾದ ಸಂಬಂಧವಿದೆ.

ಮೇಲ್ಭಾಗದಿಂದ ಬರುವ ಮಾಲಿನ್ಯ

ಬೆಂಗಳೂರಿನ ಕೊಳಚೆ ನೀರಿನ ದೊಡ್ಡ ಪಾಲನ್ನು ಹೊತ್ತ ವೃಷಭಾವತಿಯು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಮೇಕೆದಾಟಿಗೆ ಸಮೀಪದ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಹೊಗೇನಕಲ್ ಇದರ ಕೆಳಭಾಗದಲ್ಲಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತು. ಇವುಗಳಲ್ಲಿ 17 ಕರ್ನಾಟಕದವು. ಅರ್ಕಾವತಿ, ಕಬಿನಿ ಮತ್ತು ಕಾವೇರಿಯ ಭಾಗಗಳೂ ಈ ಪಟ್ಟಿಯಲ್ಲಿದ್ದವು. ಹೊಲಗಳಿಂದ ಮಳೆನೀರಿನೊಂದಿಗೆ ಕೊಚ್ಚಿಬರುವ ರಸಗೊಬ್ಬರ ಮತ್ತು ಕೀಟನಾಶಕಗಳೂ ನದಿಯನ್ನು ಸೇರುತ್ತವೆ.

ಸ್ಥಳೀಯ ಕಾರಣಗಳು

ಎಣ್ಣೆ ಹಚ್ಚಿಸಿಕೊಂಡವರು ಸಾಬೂನು, ಶಾಂಪೂ ಬಳಸಿ ನದಿಯಲ್ಲೇ ಮೀಯುತ್ತಾರೆ. ನೀರಿನ ಮೇಲೆ ಹರಡುವ ಎಣ್ಣೆಯ ಪದರವು ಗಾಳಿಯ ಆಮ್ಲಜನಕವು ನೀರಿನಲ್ಲಿ ಕರಗುವುದನ್ನು ತಡೆಯುತ್ತದೆ. ಮಾರ್ಜಕಗಳಲ್ಲಿರುವ ರಂಜಕದ ಸಂಯುಕ್ತಗಳು ಪಾಚಿಯ ಬೆಳವಣಿಗೆಗೆ ಪೋಷಕವಾಗುತ್ತವೆ. ಶಾಂಪೂ ಪೊಟ್ಟಣ, ನೀರಿನ ಬಾಟಲಿ, ಬಿಟ್ಟುಹೋದ ಬಟ್ಟೆ ಮತ್ತು ಆಹಾರದ ಉಳಿಕೆಗಳು ಬಂಡೆಗಳ ಸಂದುಗಳಲ್ಲಿ ಸಿಲುಕುತ್ತವೆ. ಬೇಸಿಗೆಯಲ್ಲಿ ಹರಿವು ತಗ್ಗಿದಾಗ ಅದೇ ಪ್ರಮಾಣದ ಕೊಳೆಯು ಕಡಿಮೆ ನೀರಿನಲ್ಲಿ ಬೆರೆಯುವುದರಿಂದ ಮಾಲಿನ್ಯದ ತೀವ್ರತೆ ಹೆಚ್ಚುತ್ತದೆ.

ನೊರೆ ಮತ್ತು ಶುದ್ಧತೆ

ನೀರು ಎತ್ತರದಿಂದ ಬೀಳುವಾಗ ಗಾಳಿಯು ಬೆರೆತು ಗುಳ್ಳೆಗಳು ಹುಟ್ಟುತ್ತವೆ. ಶುದ್ಧ ನೀರಿನಲ್ಲಿ ಇವು ಬೇಗನೆ ಒಡೆಯುತ್ತವೆ. ಮಾರ್ಜಕಗಳಿದ್ದರೆ ದಟ್ಟವಾದ ನೊರೆಯಾಗಿ ಉಳಿಯುತ್ತವೆ. ಕೊಳೆತ ಎಲೆ ಮೊದಲಾದ ನೈಸರ್ಗಿಕ ವಸ್ತುಗಳಿಂದಲೂ ನೊರೆ ಉಂಟಾಗಬಹುದಾದ್ದರಿಂದ ಕೇವಲ ನೊರೆಯನ್ನು ನೋಡಿ ಮಾಲಿನ್ಯವನ್ನು ಅಳೆಯಲಾಗದು. ಹರಿಯುವ ನೀರು ತಾನಾಗಿಯೇ ಶುದ್ಧವಾಗುತ್ತದೆ ಎಂಬ ನಂಬಿಕೆಯೂ ಭಾಗಶಃ ಮಾತ್ರ ಸರಿ. ಜಲಪಾತವು ನೀರಿಗೆ ಆಮ್ಲಜನಕವನ್ನು ಸೇರಿಸುತ್ತದೆ. ಆದರೆ ರೋಗಾಣು, ಮಾರ್ಜಕ ಹಾಗೂ ಪ್ಲಾಸ್ಟಿಕ್ಕನ್ನು ತೆಗೆದುಹಾಕುವುದಿಲ್ಲ.

ಸ್ನಾನದ ನೀರಿನ ಮಾನದಂಡ

ಬಯಲು ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಜೈವಿಕ ಆಮ್ಲಜನಕ ಬೇಡಿಕೆಯು 3 ಮಿಲಿಗ್ರಾಂ ಮೀರಬಾರದು. ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಅಂದಾಜು ಸಂಖ್ಯೆ 100 ಮಿಲಿಲೀಟರಿಗೆ 500ರೊಳಗೆ ಇರುವುದು ಅಪೇಕ್ಷಣೀಯ. 2,500 ಗರಿಷ್ಠ ಮಿತಿ. ಇವು ಸ್ನಾನಕ್ಕೆ ಸಂಬಂಧಿಸಿದ ಮಿತಿಗಳೇ ಹೊರತು ಕುಡಿಯುವ ನೀರಿನವಲ್ಲ.

ಪರಿಣಾಮಗಳು

ಕಲುಷಿತ ನೀರನ್ನು ಸ್ನಾನದ ವೇಳೆ ನುಂಗುವುದರಿಂದ ಅತಿಸಾರ, ವಿಷಮಶೀತ ಜ್ವರ ಹಾಗೂ ಹೆಪಟೈಟಿಸ್ ಎ ಹರಡಬಹುದು. ಚರ್ಮ ಮತ್ತು ಕಿವಿಯ ಸೋಂಕುಗಳೂ ಉಂಟಾಗಬಹುದು. ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ, ಅಳಿವಿನ ತೀವ್ರ ಅಪಾಯದಲ್ಲಿರುವ ಕಿತ್ತಳೆ ರೆಕ್ಕೆಯ ಮಹಶೀರ್ ಮೀನಿಗೆ ಶುದ್ಧವಾದ, ಆಮ್ಲಜನಕಯುಕ್ತ ನೀರು ಅಗತ್ಯ. ಫ್ಲೋರೈಡ್ ಸಮಸ್ಯೆಯಿರುವ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳಿಗೆ ಹೊಗೇನಕಲ್‌ನಿಂದಲೇ ಕುಡಿಯುವ ನೀರು ಪೂರೈಸುವ ಯೋಜನೆಯು 2013ರಲ್ಲಿ ಉದ್ಘಾಟನೆಗೊಂಡಿತು. ಮೂಲದ ನೀರು ಕೆಟ್ಟಷ್ಟೂ ಅದರ ಶುದ್ಧೀಕರಣದ ಹೊರೆ ಹೆಚ್ಚುತ್ತದೆ. ಹರಿಗೋಲು ನಡೆಸುವವರು ಹಾಗೂ ಮೀನುಗಾರರ ಜೀವನೋಪಾಯವೂ ಇದೇ ನೀರನ್ನು ಅವಲಂಬಿಸಿದೆ.

ನಿಯಂತ್ರಣ ಕ್ರಮಗಳು

1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮವು ನದಿಗೆ ತ್ಯಾಜ್ಯ ಬಿಡುವುದನ್ನು ನಿಯಂತ್ರಿಸುತ್ತದೆ. ಕರ್ನಾಟಕವು 2016ರಲ್ಲಿ ಪ್ಲಾಸ್ಟಿಕ್ ಚೀಲ ಮೊದಲಾದವನ್ನು ನಿಷೇಧಿಸಿತು. ಆಯ್ದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಮೇಲಿನ ರಾಷ್ಟ್ರವ್ಯಾಪಿ ನಿಷೇಧವು 2022ರ ಜುಲೈ 1ರಂದು ಜಾರಿಗೆ ಬಂದಿತು. 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿತೀರದಿಂದ 500 ಮೀಟರ್ ವ್ಯಾಪ್ತಿಯಲ್ಲಿ ಸಾಬೂನು, ಶಾಂಪೂ ಮಾರಾಟವನ್ನು ತಡೆಯುವಂತೆ ಸೂಚಿಸಿದರು. ಹೊಗೇನಕಲ್‌ನಲ್ಲಿ ನದಿಯೇ ಗಡಿಯಾಗಿರುವುದರಿಂದ ಒಂದು ದಡದಲ್ಲಿ ಮಾತ್ರ ಜಾರಿಯಾಗುವ ನಿಯಮದಿಂದ ಪೂರ್ಣ ಫಲ ದೊರೆಯದು. ಎರಡೂ ರಾಜ್ಯಗಳ ಸಹಕಾರ, ನದಿಯಿಂದ ದೂರದಲ್ಲಿ ಸ್ನಾನಗೃಹಗಳ ವ್ಯವಸ್ಥೆ ಹಾಗೂ ಮೇಲ್ಭಾಗದ ಪಟ್ಟಣಗಳಲ್ಲಿ ಕೊಳಚೆ ನೀರಿನ ಸಂಸ್ಕರಣೆ ಇದಕ್ಕೆ ಅಗತ್ಯವಾಗಿವೆ.